ಜೊಂಡೂ ಕೆಂಪು ನೂಲೂ

"ಯಾರ ಕಣ್ಣು ಬಿತ್ತಪ್ಪ ಈ ಕೆಂಪಿನ ಮೇಲೆ?"

ಕೇಳಿದವನು ಬಣ್ಣಗಾರ, ಕೇಳಿಸಿಕೊಳ್ಳಲು ತೊರೆಯ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಗಷ್ಟೇ ಜಾಲಿಸಿ ಎತ್ತಿದ ನೂಲಿನ ಲಡಿ ಅವನ ಕೈಯಲ್ಲಿ ತೊಟ್ಟಿಕ್ಕುತ್ತಿತ್ತು. ಹಂಡೆಯಿಂದ ಎತ್ತುವಾಗ ಕೆಂಡದಂತಿದ್ದ ಬಣ್ಣ, ತೊರೆಯಲ್ಲಿ ಮೂರು ಮುಳುಗು ಹಾಕುವಷ್ಟರಲ್ಲಿ ಹಳೇ ಇಟ್ಟಿಗೆಯಂತಾಗಿತ್ತು.

ಇದು ಮೂರನೆಯ ಸಲ. ಮೊದಲ ಸಲ ಬಣ್ಣ ಕಚ್ಚಿಸುವ ಪಟಿಕವನ್ನು ಬೈದಿದ್ದ, ಎರಡನೆಯ ಸಲ ನೂಲನ್ನು. ಈ ಸಲ ಮನೆಗೆ ಹೋಗಿ, ಹಂಡೆ ಸರಿಯಾಗಿ ತಿಕ್ಕಿಲ್ಲವೆಂದು ಹೆಂಡತಿಯ ಮೇಲೆ ಗೊಣಗಿದ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಅವಳು. "ಹಂಡೆಯೊಳಗೆ ನಿಮ್ಮ ಮುಖ ಕಾಣುತ್ತೆ. ಬಂದು ನೋಡ್ಕೊಳ್ಳಿ, ಅದೂ ಸಪ್ಪಗಿದೆ."

ನಗುವಷ್ಟು ಮನಸ್ಸು ಅವನಿಗೆಲ್ಲಿ? ಇಪ್ಪತ್ತು ವರ್ಷದಿಂದ ಅವನ ನೂಲನ್ನೇ ಮಗ್ಗಕ್ಕೇರಿಸುತ್ತಿದ್ದ ನೇಕಾರ ಮೊನ್ನೆ ಹೇಳಿ ಹೋಗಿದ್ದ: "ಇನ್ನೊಂದು ಸಲ ಈ ಸತ್ತ ಕೆಂಪು ಕೊಟ್ರೆ, ಬೇಜಾರು ಮಾಡ್ಕೋಬೇಡ ಅಣ್ಣಾ, ನಾನು ಬೇರೆ ಬಾಗಿಲು ನೋಡ್ತೀನಿ." ಅವನೊಬ್ಬ ಹೋದರೆ ಹಂಡೆ ಕವುಚಿ ಹಾಕಬೇಕಾದದ್ದೇ.

ಬಣ್ಣಗಾರನಿಗೆ ಒಬ್ಬಳು ಅಕ್ಕ. ತೊರೆಯ ಮೇಲ್ಗಡೆಯ ತಿರುವಿನಲ್ಲಿ ಮನೆ, ಜೊಂಡಿನ ಚಾಪೆ ಹೆಣೆಯುವುದು ಕಸುಬು. ಹೋದ ಬೇಸಿಗೆಯಲ್ಲಿ ಅವಳು ಮಗಳ ಹೆರಿಗೆಗೆಂದು ಹೋಗಿದ್ದಾಗ ತಮ್ಮನಿಗೊಂದು ಹುರುಪು ಹುಟ್ಟಿತು. ಲಡಿ ಜಾಲಿಸುವಾಗಲೆಲ್ಲ ದಡದ ಜೊಂಡಿಗೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಗುದ್ದಲಿ ಹಿಡಿದವನೇ ಜೊಂಡನ್ನೆಲ್ಲ ಬುಡಸಮೇತ ಕಿತ್ತ, ಪಕ್ಕದ ಪೊದೆಗಳನ್ನೂ ಸವರಿದ, ದಡವನ್ನು ಅಂಗಳದಂತೆ ನುಣ್ಣಗೆ ಮಾಡಿದ. ಕಿತ್ತ ಜೊಂಡನ್ನು ಒಣಗಿಸಿ, ಹೊರೆ ಕಟ್ಟಿ, ಅಕ್ಕನ ಜಗಲಿಯ ಮೇಲೆ ಒಟ್ಟಿದ. ಬಂದವಳು ಕಂಡು ಹಿಗ್ಗಲಿ ಎಂಬ ಆಸೆ.

ಬಂದವಳು ಕಂಡಳು. ಹೊರೆಯಿಂದ ಒಂದು ಕಡ್ಡಿ ಹಿರಿದು, ತುದಿಯಲ್ಲಿ ನೇತಾಡುತ್ತಿದ್ದ ಒಣಬೇರನ್ನು ಬೆರಳಲ್ಲಿ ಸವರಿ, "ಬೇರನ್ನ ಯಾರಪ್ಪ ಹೆಣೀತಾರೆ?" ಎಂದಷ್ಟೇ ಅಂದು ಒಳಗೆ ಹೋದಳು.

ಅಂದು ಕಿವಿಗೆ ಬಿದ್ದ ಆ ಮಾತು ಮನಸ್ಸಿಗಿಳಿದದ್ದು ಇಂದು. ಸತ್ತ ಲಡಿಯನ್ನು ಹೆಗಲಿಗೆ ಹಾಕಿಕೊಂಡು ಅಕ್ಕನ ಬಾಗಿಲಿಗೆ ಹೋಗಿ ನಿಂತ.

"ಅಕ್ಕಾ, ನನ್ನ ಕೈಗುಣ ಹೋಯ್ತು."

"ಕೈ ಇದ್ದಲ್ಲೇ ಇದೆ. ಎರಡು ಕೊಡ ಎತ್ಕೋ."

ಒಂದನ್ನು ಅವಳ ತಿರುವಿನಲ್ಲಿ ತುಂಬಿಸಿದಳು, ಇನ್ನೊಂದನ್ನು ಅವನ ನುಣ್ಣನೆಯ ದಡದಲ್ಲಿ. ಅವನ ಒಂದೇ ಹಂಡೆಯಿಂದ ಎತ್ತಿದ ಎರಡು ಹೊಸ ಲಡಿಗಳನ್ನು ಒಂದೊಂದು ಕೊಡದ ನೀರಿನಲ್ಲಿ ಅದ್ದಿಸಿದಳು. ಅವಳ ತಿರುವಿನ ನೀರಿನದು ಕೆಂಡದಂತೆ ಉರಿಯಿತು, ಅವನ ದಡದ ನೀರಿನದು ಇಟ್ಟಿಗೆಯಾಯಿತು. ಇಟ್ಟಿಗೆಯಾದ ಲಡಿಯ ನೀರನ್ನು ಚೆಲ್ಲಿ ನೋಡಿದರೆ ಕೊಡದ ತಳದಲ್ಲಿ ನುಣ್ಣನೆಯ ಕೆಸರು.

"ಮಳೆ ಬಂದಾಗ ದಡದ ಮಣ್ಣನ್ನ ಹಿಡ್ಕೊಂಡಿದ್ದೋರು ಯಾರು? ಮೇಲಿನ ಹೊಲದ ಕೆಸರನ್ನ ಸೋಸಿ ನಿನಗೆ ನೀರು ಕೊಡ್ತಿದ್ದೋರು ಯಾರು? ತೊರೆ ತಲೆ ಬೋಳಿಸಿಬಿಟ್ಟು ಬಣ್ಣ ಹೋಯ್ತು ಅಂತೀಯ. ಮೂವತ್ತು ವರ್ಷ ನಾನೂ ಕೊಯ್ದಿದ್ದೀನಿ ಕಣೋ. ನೀರಿನ ಮೇಲೆ ಒಂದು ಗೇಣು ಬಿಟ್ಟು, ಮೂರು ಬುಡಕ್ಕೆ ಒಂದು. ಬೇರು ನಂದಲ್ಲ, ತೊರೇದು."

ಬಣ್ಣಗಾರ ತಲೆ ತಗ್ಗಿಸಿದ. ದಿನಾ ಬೆಳಗ್ಗೆ ಆ ನೀರಿನಂಚಿನಲ್ಲಿ ನಿಂತು ಕೈ ಮುಗಿಯುವವನು ಅವನು. ಬೆಂಕಿಗೆ ಮುಗಿದಿದ್ದ, ನೂಲಿಗೆ ಮುಗಿದಿದ್ದ, ಪಟಿಕಕ್ಕೂ ಮುಗಿದಿದ್ದ. ಮೊಣಕಾಲಿಗೆ ತಾಗಿಕೊಂಡೇ ಇದ್ದ ಹುಲ್ಲಿಗೆ ಒಮ್ಮೆಯೂ ಮುಗಿದಿರಲಿಲ್ಲ.

"ಪೇಟೆಯಲ್ಲಿ ಬೇಲಿಗಿಡ ಸಿಗುತ್ತೆ, ಬೇಗ ಬೆಳೆಯುತ್ತಂತೆ. ತಂದು ನೆಡ್ಲಾ?"

"ಅದಕ್ಕೆ ಈ ತೊರೆಯ ಸಿಟ್ಟು ಗೊತ್ತಿಲ್ಲ. ಮೊದಲ ನೆರೆಗೇ ಗಂಟುಮೂಟೆ ಕಟ್ಟುತ್ತೆ. ಇದಾದ್ರೆ ಇಲ್ಲೇ ಹುಟ್ಟಿ, ಇಲ್ಲೇ ಮುಳುಗಿ ಎದ್ದದ್ದು."

ಸೀರೆ ಎತ್ತಿ ಕಟ್ಟಿ, ತನ್ನ ತಿರುವಿನ ಜೊಂಡಿನಿಂದಲೇ ನಲವತ್ತು ಬುಡ ಅಗೆದು ಕೊಟ್ಟಳು. "ಎರಡು ಮಳೆಗಾಲ ದಾಟೋವರೆಗೆ ಯಾರನ್ನೂ ಇದರ ಮೈ ಮುಟ್ಟಗೊಡಬೇಡ. ಬೇರು ಬೇರನ್ನ ಹಿಡ್ಕೋಬೇಕು."

ಆ ಬುಡಗಳನ್ನು ತನ್ನ ದಡದಲ್ಲಿ ನೆಟ್ಟು, ಅಲ್ಲಿಂದಾಚೆ ಬಣ್ಣಗಾರ ಜಾಲಿಸಲು ಒದ್ದೆ ಲಡಿಗಳನ್ನು ಹೊತ್ತು ಅಕ್ಕನ ತಿರುವಿಗೆ ನಡೆದ. ಹೆಗಲು ಊದಿತು, ಆದರೆ ನೇಕಾರ ಬೇರೆ ಬಾಗಿಲು ನೋಡಲಿಲ್ಲ. ಒಂದು ಮಳೆಗಾಲ ಕಳೆಯಿತು. ನಲವತ್ತರಲ್ಲಿ ಮೂವತ್ತೊಂದು ಬುಡ ನೆರೆಗೆ ಬಗ್ಗಿ ಮತ್ತೆ ಎದ್ದವು. ಬೇಸಿಗೆಯ ಹೊತ್ತಿಗೆ ಸೊಂಟದೆತ್ತರ ಹಸಿರು, ಅದರ ಬುಡದಲ್ಲಿ ಬೆರಳುದ್ದದ ಮೀನುಗಳು. ಅಳುಕುತ್ತಲೇ ತನ್ನ ದಡದಲ್ಲಿ ಒಂದು ಲಡಿ ಜಾಲಿಸಿದ. ನೇಕಾರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬದುಕ್ತು ಬಿಡು," ಎಂದ.

ಆ ವಾರವೇ ಅಕ್ಕ ಬಂದಳು. ಸೊಂಟದಲ್ಲಿ ಕುಡುಗೋಲು.

"ಶಾಲೆಯವರು ಇಪ್ಪತ್ತು ಚಾಪೆ ಕೇಳಿದ್ರು, ಹದಿನೆಂಟು ಆಗಿದೆ. ನಿನಗೆ ಅಗೆದುಕೊಟ್ಟ ಜಾಗ ಇನ್ನೂ ತುಂಬಿಲ್ಲ ನೋಡು. ಎರಡೇ ಹೊರೆ ಕೊಯ್ಕೊಳ್ತೀನಿ."

"ಮಳೆಗಾಲ ಇನ್ನೂ ಒಂದೇ ಆಗಿರೋದು, ಅಕ್ಕ."

"ಮಕ್ಕಳು ಬರೀ ನೆಲದ ಮೇಲೆ ಕೂತ್ಕೋಬೇಕೇನೋ? ನಾನೇ ಕೊಟ್ಟಿದ್ದಲ್ವಾ ಇದನ್ನ?"

ಅವಳು ಕೊಟ್ಟದ್ದೇ. ಅವನ ಮನೆಯ ಒಲೆ ಉರಿಯುತ್ತಿದ್ದದ್ದೂ ಅವಳು ಕೊಟ್ಟದ್ದರಿಂದಲೇ. ಬಣ್ಣಗಾರ ಲಡಿಯನ್ನು ಕೆಳಗಿಟ್ಟು ಅವಳಿಗೂ ಜೊಂಡಿಗೂ ನಡುವೆ ಬಂದು ನಿಂತ. ಮೊಣಕೈವರೆಗೆ ಕೆಂಪಾಗಿದ್ದ ಕೈಗಳನ್ನು ಜೋಡಿಸಿದ.

"ಇಲ್ಲ ಅಕ್ಕ. ಕೊಡಲ್ಲ."