ಪಟ್ಟಿಯಲ್ಲಿಲ್ಲದವರ ಬುತ್ತಿ

ಬಾಳೇಶನ ಲಗ್ನಕ್ಕೆ ಅವನ ಸ್ವಂತ ಸೋದರತ್ತೆಗೇ ಕರೆಯಿರಲಿಲ್ಲ.

ಕೊರೊನಾದ ಮೊದಲ ವರ್ಷ, ಜೂನ್ ತಿಂಗಳು. ಲಗ್ನಕ್ಕೆ ಐವತ್ತೇ ಮಂದಿ ಸೇರಬೇಕು ಎಂದು ಆದೇಶವಾಗಿತ್ತು. ಹುಕ್ಕೇರಿ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಶೋಭಾಗೆ ನಿಡಸೋಸಿಯಿಂದ ತಮ್ಮ ವೀರಪ್ಪ, ಬಾಳೇಶನ ಅಪ್ಪ, ಫೋನ್ ಮಾಡಿದ.

“ಅಕ್ಕಾ, ಅಡಗಿಯವರು, ಫೋಟೊದಾವ ಎಲ್ಲಾರೂ ಐವತ್ತರಾಗ ಬರ್ತಾರ. ಪಟ್ಟಿ ನಮ್ಮನಿಯಾಕಿ ಪಾರವ್ವ ಮಾಡ್ಯಾಳ. ನಿನ್ನ ನಂಬರ್ ಐವತ್ತೊಂದಕ್ಕ ಬಂತು.”

“ಆಗ್ಲಿ ಬಿಡಪಾ,” ಎಂದು ಶೋಭಾ ಫೋನಿಟ್ಟಳು. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಕೂತು ಸಾಕಾಗುವಷ್ಟು ಅತ್ತಳು. ಆಮೇಲೆ ಗೋಕಾಕದ ದ್ರಾಕ್ಷಾಯಿಣಿಗೂ ಮೂಡಲಗಿಯ ಉದ್ದವ್ವನಿಗೂ ಫೋನ್ ಹಚ್ಚಿದಳು. ಮೂವರೂ ಅಂಕಲಗಿ ಸಾಲಿಯಲ್ಲಿ ಒಂದೇ ಬೆಂಚಿನವರು. ಗಂಡನ ಊರುಗಳಿಗೆ ಚದುರಿದ ಮೇಲೆ ಅವರು ಕೂಡುತ್ತಿದ್ದುದು ಯಾರದಾದರೂ ಲಗ್ನದಲ್ಲಿ, ಇಲ್ಲವೇ ತೊಟ್ಟಿಲು ಕಾರ್ಯದಲ್ಲಿ. ಮಾರ್ಚಿನಿಂದ ಅದೂ ನಿಂತಿತ್ತು.

“ಫೋಟೊದಾವನಕಿಂತ ಅತ್ತಿ ದೂರಾದ್ಲೇನ?” ಎಂದು ಉದ್ದವ್ವ ಸಿಟ್ಟಾದಳು. “ಅದ ದಿನಾ ನಾವೂ ಇಳಕಲ್ ಸೀರಿ ಉಟ್ಕೊಂಡ ಎಲ್ಯಾರ ಹೋಗಿ ಉಣ್ಣೂಣ.”

“ನಮ್ಮ ತಮ್ಮನ ಹೊಲಕ್ಕ ಬರ್ರಿ,” ಅಂದಳು ದ್ರಾಕ್ಷಾಯಿಣಿ. “ಘಟಪ್ರಭಾ ದಾಟಿದ ಮ್ಯಾಲ ಹುಕ್ಕೇರಿ ರೋಡಿನ ಬಾಜೂಕ ಐತಿ. ದೊಡ್ಡ ಹುಣಸಿ ಗಿಡ ಐತಿ.”

ಲಗ್ನದ ದಿನ ಉದ್ದವ್ವನ ಗಂಡ ಮಲ್ಲೇಶ ಹುಕ್ಕೇರಿಗೆ ಉಳ್ಳಾಗಡ್ಡಿ ಒಯ್ಯುವವನಿದ್ದ. ಅವನ ಗಾಡಿಯ ಮುಂದೆ ಉದ್ದವ್ವ ಕೂತಳು. ಹಿಂದೆ ಚೀಲಗಳ ಮೇಲೆ ರೇಷ್ಮೆ ಸೆರಗು ಹೊದ್ದು, ಮಡಿಲಲ್ಲಿ ಸಿಹಿ ಮಾದಲಿಯ ಡಬ್ಬಿ ಇಟ್ಟುಕೊಂಡು ದ್ರಾಕ್ಷಾಯಿಣಿ ಕೂತಳು. ದಾರಿಯುದ್ದಕ್ಕೂ ಜನ ಯಾರ ದಿಬ್ಬಣವಿದು ಎಂದು ನಿಂತು ನೋಡಿದರು. ಶೋಭಾ ಸ್ಕೂಟಿಯ ಮೇಲೆ ಬಂದಳು. ಮೂವರನ್ನು ಗಿಡದ ಕೆಳಗೆ ಬಿಟ್ಟು ಮಲ್ಲೇಶ ಮುಂದೆ ಹೋದ.

ದ್ರಾಕ್ಷಾಯಿಣಿ ರವಿಕೆ ಹೊಲಿಯುವ ಟೇಲರ್ ಕೆಲಸದವಳು. ಚೀಲದಿಂದ ಟೇಪು ತೆಗೆದು ಒಬ್ಬರಿಂದೊಬ್ಬರಿಗೆ ಸರಿಯಾಗಿ ಆರು ಫೂಟು ಅಳೆದಳು. ಒಬ್ಬಳು ಡಬ್ಬಿ ನಡುವೆ ಇಟ್ಟು ಹಿಂದೆ ಸರಿಯಬೇಕು, ಇನ್ನೊಬ್ಬಳು ಬಂದು ಬಡಿಸಿಕೊಳ್ಳಬೇಕು. ಮಾದಲಿ, ಎಣ್ಣೆಗಾಯಿ, ಸಜ್ಜೆ ರೊಟ್ಟಿ ಹೀಗೇ ಸುತ್ತು ಹೊಡೆದವು. ತಕರಾರು ಒಂದೇ: ಮೂರು ತಿಂಗಳಿಂದ ಕೂಡಿಟ್ಟ ಗುಟ್ಟಿನ ಮಾತನ್ನೆಲ್ಲ ಕೂಗಿಯೇ ಹೇಳಬೇಕಾಗಿತ್ತು.

“ಶೋಭೀ, ಒಂದ ಮಾತ ಹೇಳ್ತೇನಿ, ಯಾರ ಮುಂದೂ ಹೇಳಬ್ಯಾಡ!” ಎಂದು ದ್ರಾಕ್ಷಾಯಿಣಿ ಕೂಗಿದಳು. “ಪಾರವ್ವನ ಜಂಪರ್ ನಾನ ಹೊಲದೇನಿ! ನಿನ್ನ ಹೆಸರ ತಗದಾಳಂತ ಕೇಳಿ ಎರಡ ಬೆರಳ ಬಿಗಿ ಹಿಡದೇನಿ!”

ಬದುವಿನ ಆಚೆ ಕುರಿ ಮೇಯಿಸುತ್ತಿದ್ದ ಮಾಯಪ್ಪ ಎದ್ದು ನಿಂತ. “ಯಾರ ಜಂಪರ್ ಬಿಗಿ ಆತ್ರಿ ಯವ್ವಾ?”

ಶೋಭಾ ನೆಲಕ್ಕೆ ಕೈಯೂರಿ ನಕ್ಕಳು. ಮಾದಲಿ ನೆತ್ತಿಗೇರಿತು. ಬೆನ್ನು ತಟ್ಟಲು ಯಾರೂ ಹತ್ತಿರ ಬರುವ ಹಾಗಿರಲಿಲ್ಲವಾದ್ದರಿಂದ ಇಬ್ಬರೂ ದೂರದಿಂದಲೇ ಗಾಳಿಯಲ್ಲಿ ತಟ್ಟಿದರು.

ಆ ಹೊತ್ತಿಗೇ ಬೀಗರ ಊರು ಮಸಗುಪ್ಪಿಯಲ್ಲಿ ಲಗ್ನ ಮುಗಿಸಿ ನಿಡಸೋಸಿಗೆ ಹೊರಟಿದ್ದ ಮದುಮಕ್ಕಳ ಕಾರು ಬಂದು ನಿಂತಿತು. ವೀರಪ್ಪ ಗಾಬರಿಯಿಂದ ಇಳಿದ.

“ಅಕ್ಕಾ, ಸಿಟ್ಟಿಲೆ ರೋಡಿಗೆ ಬಂದ ಕುಂತಿಯೇನ?”

“ಇಲ್ಲಪಾ, ಊಟಾ ಮಾಡಾಕತ್ತೇವಿ. ನಿಮ್ಮನ್ನ ಕರ್ಯಾಕ ಆಗ್ಲಿಲ್ಲ. ಪಟ್ಟಿ ತುಂಬಿತ್ತ.”

ಬಾಸಿಂಗ ಕಟ್ಟಿಕೊಂಡಿದ್ದ ಬಾಳೇಶನಿಗೂ ನಗು ಬಂತು. ಹೊಸ ಹೆಂಡತಿಯನ್ನು ಕರೆದುಕೊಂಡು ಬಂದು ದೂರದಿಂದಲೇ ಅತ್ತೆಗೆ ಕೈ ಮುಗಿದ. ಕಡೆಗೆ ಪಾರವ್ವ ಇಳಿದಳು. ಎರಡೂ ಬಗಲಲ್ಲಿ ಕೊಡ ಇರುಕಿಕೊಂಡವಳಂತೆ ನಡೆದು ಬಂದು, ಬದುವಿನ ಮೇಲೆ ಕೂತು ಅಳತೊಡಗಿದಳು.

“ಮಗನ ತಲಿ ಮ್ಯಾಲ ಅಕ್ಕಿಕಾಳ ಒಗ್ಯಾಕ ಆಗಲಿಲ್ರಿ ಅಕ್ಕಾರ. ಕೈ ಮ್ಯಾಲ ಏಳವಲ್ದು. ಉಸರ ಬಿಡಾಕೂ ಬರವಲ್ದು. ನಿಮ್ಮ ಹೆಸರ ತಗದಿದ್ದಕ್ಕ ಹಿಂಗಾತೋ ಏನೋ. ನನ್ನ ಒಡಹುಟ್ಟಿದ ಅಕ್ಕ ಯಮನವ್ವನ್ನೂ ಬಿಟ್ಟೇನಿ. ಆಕಿ ಮಾತ ಬಿಟ್ಟಾಳ.”

ಶೋಭಾಳ ನಗು ನಿಂತಿತು. ಇಷ್ಟು ದಿನ ಆ ಪಟ್ಟಿ ಬರೆದ ಕೈಯನ್ನಷ್ಟೇ ಅವಳು ನೆನೆದಿದ್ದಳು. ಆ ಕೈ ಒಡಹುಟ್ಟಿದವಳ ಹೆಸರನ್ನೂ ಹೊಡೆದುಹಾಕಿದ್ದೀತು ಎಂದು ಹೊಳೆದಿರಲಿಲ್ಲ. ದ್ರಾಕ್ಷಾಯಿಣಿಯ ಕಡೆ ನೋಡಿದಳು. ದ್ರಾಕ್ಷಾಯಿಣಿ ನೆಲ ನೋಡುತ್ತಿದ್ದಳು.

“ಹಂಗಾರ ಆ ಜಂಪರ್ ಇದ ಏನ್ರಿ…” ಎಂದು ಮಾಯಪ್ಪ ಬಾಯಿ ತೆರೆದ.

“ಮಾಯಪ್ಪಣ್ಣಾ, ನಿನ್ನ ಕುರಿ ಗೋಂಜಾಳದ ಬೆಳಿಯಾಗ ಹೊಕ್ಕಾವ ನೋಡ!” ಎಂದು ಉದ್ದವ್ವ ಚೀರಿದಳು. ಕುರಿ ಎಲ್ಲೂ ಹೊಕ್ಕಿರಲಿಲ್ಲ. ಪಾಪ, ಮಾಯಪ್ಪ ಕೋಲು ಹಿಡಿದು ಓಡಿದ.

“ಬಾ ತಂಗಿ,” ಎಂದು ದ್ರಾಕ್ಷಾಯಿಣಿ ಮಾಸ್ಕು ಏರಿಸಿ, ಆರು ಫೂಟು ಮರೆತು, ಪಾರವ್ವನನ್ನು ಗಿಡದ ಮರೆಗೆ ಕರೆದೊಯ್ದಳು. ಚೀಲದಲ್ಲಿ ಕತ್ತರಿ ಇತ್ತು. ಬಗಲ ಹೊಲಿಗೆ ಟಕಟಕ ಬಿಚ್ಚಿತು. ಪಾರವ್ವ ನಿಟ್ಟುಸಿರು ಬಿಟ್ಟಿದ್ದು ಕಾರಿನವರೆಗೂ ಕೇಳಿಸಿತು.

ಹೊರಗೆ ಬಂದವಳೇ ಸೆರಗಿನಲ್ಲಿ ಗಂಟು ಹಾಕಿಟ್ಟಿದ್ದ ಅಕ್ಕಿಕಾಳು ತೆಗೆದು, ಒಂದಿಷ್ಟು ಶೋಭಾಳ ಕೈಗೆ ಸುರಿದಳು. ಇಬ್ಬರೂ ಕೈ ಎತ್ತಿ ಒಗೆದರು. ಮದುಮಕ್ಕಳು ಹುಣಸೆ ಗಿಡದ ಕೆಳಗೆ ಮತ್ತೊಮ್ಮೆ ತಲೆ ಬಾಗಿಸಿದರು. ಆಮೇಲೆ ಪಾರವ್ವ ಕೂತು, ಯಾರೂ ಒತ್ತಾಯ ಮಾಡದೆಯೇ ಮೂರು ಸಲ ಮಾದಲಿ ಹಾಕಿಸಿಕೊಂಡಳು. ಹೋಗುವಾಗ ಸಣ್ಣ ದನಿಯಲ್ಲಿ ಕೇಳಿದಳು: “ಇನ್ನೊಮ್ಮಿ ಕೂಡಿದ್ರ ನನ್ನೂ ಕರೀತೀರೇನ್ರಿ?”

ಕರೆದರು. ಎಲ್ಲಿ ಪೊಲೀಸರು ಬಿಡುತ್ತಾರೋ ಅಲ್ಲಿ, ಯಾವ ಊರು ಬಂದ್ ಆಗಿಲ್ಲವೋ ಆ ಕಡೆ, ಅವರ ತಿರುಗಾಟ ನಡೆಯಿತು. ಒಮ್ಮೆ ಕಬ್ಬಿನ ಹೊಲದ ಪಂಪಿನ ನೀರಿನಲ್ಲಿ ಕಾಲು ಬಿಟ್ಟು ಕೂತರು. ಒಮ್ಮೆ ಮಳೆ ಬಂದು, ಬಸ್ಸು ಬರದ ಬಸ್ ನಿಲ್ದಾಣದಲ್ಲೇ ಚುರುಮುರಿ ಕಲಸಿ ತಿಂದರು. ದ್ರಾಕ್ಷಾಯಿಣಿ ಅಲ್ಲೇ ತಪ್ಪೊಪ್ಪಿಕೊಂಡಳು. ಪಾರವ್ವ ಎರಡು ನಿಮಿಷ ಮುಖ ತಿರುಗಿಸಿ ಕೂತು, ಆಮೇಲೆ ಅವಳ ಪಾಲಿನ ಚುರುಮುರಿಯನ್ನೂ ತಿಂದು ಮುಗಿಸಿದಳು.

ಶ್ರಾವಣದಲ್ಲಿ ಗೋಕಾಕ ಫಾಲ್ಸ್ ನೋಡಲು ಹೊರಟರು. ಈ ಸಲ ಮುನಿಸು ಬಿಟ್ಟ ಯಮನವ್ವನೂ ಇದ್ದಳು. ದಾರಿಗೆ ಅಡ್ಡ ಬ್ಯಾರಿಕೇಡ್ ಹಾಕಿತ್ತು.

“ನೀರ ನೋಡಾಕ ಬಿಡಾಂಗಿಲ್ರಿ,” ಅಂದ ಪೊಲೀಸ ಅಶೋಕ.

“ನೋಡೂದಿಲ್ಲಪಾ,” ಅಂದಳು ಶೋಭಾ. “ಬರೇ ಸಪ್ಪಳಾ ಕೇಳ್ತೇವಿ.”

ಅವನು ತಲೆ ಕೆರೆದುಕೊಂಡು ಪಕ್ಕದ ಕಟ್ಟೆ ತೋರಿಸಿದ. ಐದೂ ಜನ ಸಾಲಾಗಿ, ದೂರ ದೂರ ಕೂತರು. ತಿರುವಿನ ಆಚೆ ಕಾಣದ ನೀರು ಧೋ ಎಂದು ಬೀಳುತ್ತಿತ್ತು. ಉದ್ದವ್ವ ಕಣ್ಣು ಮುಚ್ಚಿಕೊಂಡೇ, “ಭಾಳ ಛಲೋ ಕಾಣಾಕತ್ತೈತಿ ನೋಡ್ರೆವ್ವಾ,” ಅಂದಳು.