ಒಂಬತ್ತನೇ ನಂಬರಿನ ಮನೆಯ ಬೆಲೆ

ವೆನ್‌ಸ್ಟೋ ಪೇಟೆಯ ಕುರಿಬೀದಿಯಲ್ಲಿ ಏಳು ಮತ್ತು ಒಂಬತ್ತನೇ ನಂಬರಿನ ಮನೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಾನೂರು ವರ್ಷದಿಂದ ನಿಂತಿವೆ. ಎರಡಕ್ಕೂ ಅದೇ ಸೊಟ್ಟ ತೊಲೆ, ಅದೇ ತಲೆಗೆ ಬಡಿಯುವ ಬಾಗಿಲು. ಇಂಥ ಅವಳಿಗಳಲ್ಲಿ ಒಬ್ಬಳ ಕೊರಳಿಗೆ ಮುತ್ತು, ಇನ್ನೊಬ್ಬಳಿಗೆ ಗಾಜಿನ ಮಣಿ ಹಾಕಿದರೆ ನೋಡಿದವರು ಸುಮ್ಮನಿರುತ್ತಾರೆಯೇ? ಗುರುವಾರದ ಪತ್ರಿಕೆ ಅದನ್ನೇ ಮಾಡಿತು. ಊರಿನಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಪಟ್ಟಿಯಲ್ಲಿ ಒಂಬತ್ತನೇ ನಂಬರಿನ ಎದುರು ಒಂದು ಲಕ್ಷ ಹದಿನೆಂಟು ಸಾವಿರ ಪೌಂಡ್ ಎಂದು ಅಚ್ಚಾಗಿತ್ತು.

ಏಳನೇ ನಂಬರಿನ ಡಾರ್ಕಸ್ ಪೆಟಿಫರ್ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಮನೆಯನ್ನು ಎರಡು ಲಕ್ಷ ನಲವತ್ತು ಸಾವಿರಕ್ಕೆ ಕೊಳ್ಳಲು ಲ್ಯಾನಿಯನ್ ದಂಪತಿ ಒಪ್ಪಿದ್ದರು. ಆ ಹಣದಿಂದ ಚೌಕದ ಮೂಲೆಯಂಗಡಿ ಅವಳದಾಗಬೇಕಿತ್ತು. ಇಪ್ಪತ್ತೆರಡು ವರ್ಷ ಸಂತೆಯ ಗಾಳಿಯಲ್ಲಿ ನಿಂತು ಚೀಸ್ ಮಾರಿದವಳಿಗೆ ತಲೆಯ ಮೇಲೊಂದು ಸೂರು, ಕೂರಲೊಂದು ಸ್ಟೂಲು. ಅಂಗಡಿಯ ಯಜಮಾನ ಮುಂದಿನ ವಾರದ ಶನಿವಾರದವರೆಗೆ ಮಾತ್ರ ಕಾಯುತ್ತೇನೆಂದಿದ್ದ.

ಶುಕ್ರವಾರವೇ ಏಜೆಂಟನ ಫೋನ್ ಬಂತು. ಪಕ್ಕದ ಮನೆ ಅಷ್ಟಕ್ಕೆ ಹೋಗಿರುವಾಗ ಲ್ಯಾನಿಯನ್ನರು ಒಂದೂಮುಕ್ಕಾಲು ಲಕ್ಷದ ಮೇಲೆ ಒಂದು ಪೌಂಡೂ ಕೊಡರಂತೆ. ಒಂಬತ್ತರ ಮುಂದೆ ಮಾರಾಟದ ಫಲಕ ನೆಟ್ಟಿರಲಿಲ್ಲ, ಸಾಮಾನು ಸಾಗಿಸುವ ಲಾರಿ ಬಂದಿರಲಿಲ್ಲ, ಮನೆಯೊಡೆಯ ಕ್ಲೆಮೆಂಟ್ ರಜ್ ಎಂದಿನಂತೆ ಬೇಲಿಯ ಗಿಡ ಕತ್ತರಿಸುತ್ತಿದ್ದಾನೆ ಎಂದು ಡಾರ್ಕಸ್ ಎಷ್ಟು ಹೇಳಿದರೂ, ದಾಖಲೆಯಲ್ಲಿ ಇರುವುದು ಅಷ್ಟೇ ಎಂದ ಏಜೆಂಟ್.

ಸೋಮವಾರ ಅವಳು ಕ್ಲೆಮೆಂಟನ ಅಡುಗೆಮನೆಯಲ್ಲಿ ಕೂತಳು. ಎಪ್ಪತ್ತರ ಆ ಮನುಷ್ಯನ ಬಾಯಿ ಏಳು ಬೀಗದ ಪೆಟ್ಟಿಗೆ. ಮೊದಲ ಕಪ್ ಟೀಗೆ ಹವಾಮಾನ ಹೇಳಿದ, ಎರಡನೆಯದಕ್ಕೆ ತುಕ್ಕು ಹಿಡಿದ ಗೇಟಿನ ಕೀಲು. ಮೂರನೆಯದಕ್ಕೆ ಅವಳು ನೇರವಾಗಿ ಬೆಲೆಯ ಮಾತೆತ್ತಿದಳು. ಪತ್ರಿಕೆಯವರು ಏನೇನೋ ಹಾಕುತ್ತಾರೆ, ಇನ್ನೊಂದು ಬಿಸ್ಕತ್ತು ತಗೋ ಎಂದ. ಅವಳು ಬಿಸ್ಕತ್ತನ್ನು ಕಚ್ಚಿದ ಶಬ್ದಕ್ಕೆ ಬೆಕ್ಕು ಎದ್ದು ಹೊರಟಿತು. ಮಂಗಳವಾರ ಬಾಗಿಲು ತಟ್ಟಿದರೆ ತೆರೆಯಲೇ ಇಲ್ಲ. ಒಳಗೆ ರೇಡಿಯೋ ಮಾತ್ರ ಮೆಲ್ಲಗಾಯಿತು.

ಬುಧವಾರ ಲ್ಯಾನಿಯನ್ ದಂಪತಿ ಪರದೆಗಳ ಅಳತೆಗೆ ಬಂದರು. ಬೆಲೆ ಇಳಿಸಿದವರು ಅಳತೆ ಬೇರೆ ತೆಗೆಯುತ್ತಾರೆ! ಟೇಪು ಹಿಡಿದು ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದವರನ್ನು ನೋಡುತ್ತ ನೋಡುತ್ತ ಡಾರ್ಕಸ್‌ಗೆ ಏನು ಹೊಳೆಯಿತೋ, ಇಬ್ಬರನ್ನೂ ಕರೆದುಕೊಂಡು ಬೇಲಿಯ ಬಳಿಗೆ ನಡೆದಳು. ಆಚೆ ಕ್ಲೆಮೆಂಟ್ ಕತ್ತರಿ ಹಿಡಿದು ನಿಂತಿದ್ದ.

"ಕ್ಲೆಮೆಂಟ್, ನಿಮ್ಮ ಮನೆ ನಾನೇ ತಗೋತೀನಿ," ಎಂದಳು. "ಪೇಪರಲ್ಲಿ ಬಂದ ರೇಟಿಗೆ. ಮೇಲೆ ಎರಡು ಸಾವಿರ ಹೆಚ್ಚಿಗೆ ಬೇಕಾದ್ರೂ ಕೊಡ್ತೀನಿ. ಇವರಿಬ್ರೂ ಸಾಕ್ಷಿ."

ಕತ್ತರಿ ಗಾಳಿಯಲ್ಲೇ ನಿಂತಿತು. "ಹುಚ್ಚು ಹಿಡೀತಾ ನಿಂಗೆ?"

"ಯಾಕೆ, ಹೆಚ್ಚಾಯ್ತಾ? ಸೊಟ್ಟ ತೊಲೆ, ಸೋರೋ ಮಾಡು. ಅದಕ್ಕಿಂತ ಜಾಸ್ತಿ ಯಾರು ಕೊಡ್ತಾರೆ ಬಿಡಿ."

ಕ್ಲೆಮೆಂಟನ ಮುಖ ಕೆಂಪಾಯಿತು. ಮನೆಯನ್ನು ಅಂದರೆ ಅವನ ತಾಯಿಯನ್ನೇ ಅಂದ ಹಾಗೆ.

"ಸೋರುತ್ತಾ? ಈ ಮನೆಗೆ ಎರಡೂವರೆ ಲಕ್ಷ ತಂದರೂ ಕೊಡಲ್ಲ ನಾನು! ಅದು ಅರ್ಧದ ಬೆಲೆ ಕಣೇ, ಅರ್ಧದ್ದು! ತಂಗಿ ಬೆರಿಲ್ ಪಾಲು ಕೊಂಡ್ಕೊಂಡೆ ಅಷ್ಟೇ." ಆಮೇಲೆ ದನಿ ಇಳಿಯಿತು. "ಅಮ್ಮ ಅರ್ಧ ಮನೆ ಅವಳಿಗೆ ಬರೆದಿದ್ಲು."

ಅಮ್ಮ ಇಡೀ ಮನೆ ನನಗೇ ಬಿಟ್ಟಳು ಎಂದು ಅವನು ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಈಗ ಬೇಲಿಯ ಎಲೆಗಳನ್ನೇ ನೋಡುತ್ತ ನಿಂತ.

ಲ್ಯಾನಿಯನ್ ಹೆಂಡತಿಯತ್ತ ನೋಡಿದ. ಅವಳು ಟೇಪು ಸುತ್ತಿದಳು. ಹಳೆಯ ಬೆಲೆಯೇ ಇರಲಿ, ಈಗಲೇ ಏಜೆಂಟನಿಗೆ ಹೇಳುತ್ತೇವೆ ಎಂದು ಫೋನ್ ತೆಗೆಯುತ್ತ ಇಬ್ಬರೂ ಒಳಗೆ ಹೋದರು.

ಗೆದ್ದ ಖುಷಿ ಬರಲಿಲ್ಲ ಡಾರ್ಕಸ್‌ಗೆ. ಮೂರು ಕಪ್ ಟೀ, ಐದು ರಾತ್ರಿಯ ನಿದ್ದೆ ಸುಮ್ಮನೆ ಹಾಳು.

"ಸೋಮವಾರವೇ ಹೇಳಬಾರದಿತ್ತೇ ಮಹಾರಾಯರೇ," ಎಂದಳು.

"ಸೋಮವಾರ ನೀನು ಕೊಳ್ಳೋಕೆ ಬಂದಿರಲಿಲ್ವಲ್ಲ," ಎಂದು ಕ್ಲೆಮೆಂಟ್ ಅವಳಿಗೆ ಬೆನ್ನು ತಿರುಗಿಸಿ ಮತ್ತೆ ಬೇಲಿಗೆ ಕತ್ತರಿ ಹಾಕಿದ.