ಹೆಬ್ಬೆಟ್ಟಿನ ಸದಸ್ಯೆ

"ಇಳ್ಸೇ ಹೊರೆ, ಮುಂಡೆ. ನಿಮ್ಮಪ್ಪ ನೆಟ್ಟ ಕಾಡಾ ಇದು?"

ಅಪ್ಪನಲ್ಲ, ಅವಳೇ ನೆಟ್ಟದ್ದು. ಆದರೆ ಅರಣ್ಯದ ಗಾರ್ಡಿನ ಮುಂದೆ ಬಾಯಿ ಬಿಟ್ಟರೆ ಕೈಯಲ್ಲಿದ್ದ ಕತ್ತಿಯೂ ಹೋಗುತ್ತದೆಂದು ಹೊರೆ ಇಳಿಸಿದಳು. ಇದ್ದದ್ದು ಒಣಗಿ ಬಿದ್ದ ಪುಳ್ಳೆ. ಗಾರ್ಡು ಅದನ್ನು ಬೂಟುಗಾಲಲ್ಲಿ ಒದ್ದು ನಕ್ಕ.

"ಸೌದೆ ಮುಟ್ಟಬಾರದು ಅಂತ ಠರಾವು ಮಾಡಿದೋಳೇ ನೀನು. ಪುಸ್ತಕದಲ್ಲಿ ನಿನ್ ಹೆಬ್ಬೆಟ್ಟಿದೆ. ಮೊದಲು ಸಿಕ್ಕಿಬಿದ್ದೋಳೂ ನೀನೇ."

ಅವನು ಹೇಳಿದ್ದು ಸುಳ್ಳಲ್ಲ, ಅದೇ ಅವಳ ಸಂಕಟ. ಗುಡ್ಡ ಬೋಳಾಗಿದ್ದಾಗ ಕೇಳುವವರೇ ಇರಲಿಲ್ಲ. ಹನ್ನೆರಡು ವರ್ಷ ಕೇರಿಯವರೇ ಗಿಡ ನೆಟ್ಟು, ಬೆಂಕಿ ಬಿದ್ದರೆ ಹಸಿ ಸೊಪ್ಪಿನಿಂದ ಬಡಿದು ಆರಿಸಿ, ಪಾಳಿಯ ಮೇಲೆ ಕಾದರು. ಪಾಳಿಗೊಂದು ಕೋಲಿತ್ತು. ಇಂದು ಕಾಯ್ದವರು ಸಂಜೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಬೇಕು, ಕೋಲು ಕಂಡವರು ನಾಳೆ ಗುಡ್ಡಕ್ಕೆ ಹೋಗಬೇಕು. ಮರಗಳು ಆಳೆತ್ತರ ದಾಟಿದ ಮೇಲೆ ಸರ್ಕಾರಕ್ಕೆ ಗುಡ್ಡದ ನೆನಪಾಯಿತು. ಜನರೇ ಕಾಡು ನೋಡಿಕೊಳ್ಳಲಿ ಎಂದು ಸಮಿತಿ ಮಾಡಿದರು. ಜನ ಎಂದರೆ ಯಾರು? ಮರದ ಮಿಲ್ಲಿನ ಯಜಮಾನ ಅಧ್ಯಕ್ಷನಾದ. ಕೇರಿಯ ಹೆಂಗಸೊಬ್ಬಳು ಇರಲೇಬೇಕು, ಅವಳ ಒಪ್ಪಿಗೆಯಿಲ್ಲದೆ ಠರಾವು ನಡೆಯದು ಎಂದು ನಿಯಮವಿತ್ತು. ಓದು ಬಾರದ, ಗಂಡನಿಲ್ಲದ ಇವಳನ್ನು ಹುಡುಕಿ ಆರಿಸಿದರು.

ಸಭೆಯಲ್ಲಿ ಅವಳ ಜಾಗ ಬಾಗಿಲಾಚೆ, ಚಪ್ಪಲಿಗಳ ಪಕ್ಕ. ಒಳಗೆ ಟೀ ಮುಗಿದ ಮೇಲೆ ಪುಸ್ತಕ ಹೊರಗೆ ಬರುತ್ತಿತ್ತು. ಕಳೆದ ಸಲ, ಬೆಂಕಿ ಹರಡದಂತೆ ದಾರಿ ಸವರುವ ವಿಷಯ ಎಂದಿದ್ದರು. ಹೆಬ್ಬೆಟ್ಟು ಒತ್ತಿದ್ದಳು. ವಾರದೊಳಗೆ ಗುಡ್ಡದ ಸುತ್ತ ತಂತಿ ಬಿತ್ತು, ಸೌದೆ ಸೊಪ್ಪು ಬಂದ್ ಆಯಿತು. ಕಾಯುವ ಪಾಳಿ ಮಾತ್ರ ಕೇರಿಗೇ ಉಳಿಯಿತು.

ಓದಿಸದೆ ಒತ್ತಿದೆ ಎಂದು ಅವಳು ಎಷ್ಟು ಹೇಳಿಕೊಂಡರೂ ಯಾರೂ ನಂಬಲಿಲ್ಲ. ಅಂದಿನಿಂದ ಅವಳ ಹೆಸರು ಹೆಬ್ಬೆಟ್ಟಮ್ಮ. ನೀರಿಗೆ ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತಿತ್ತು. ಅದನ್ನೂ ನುಂಗಿಕೊಂಡಳು. ಆದರೆ ಒಂದು ಸಂಜೆ ಪಕ್ಕದ ಮನೆಯ ವಾರಗಿತ್ತಿ ಕೋಲು ಹಿಡಿದು ಬಂದವಳು ಇವಳ ಬಾಗಿಲು ದಾಟಿ ಆಚೆ ಮನೆಗೆ ಒರಗಿಸಿದಳು. ಇವಳು ಹೊಸ್ತಿಲಲ್ಲೇ ನಿಂತಿದ್ದಳು.

"ಅಕ್ಕಾ, ನಾಳೆ ನನ್ ಪಾಳಿ ಅಲ್ವಾ?"

ಆಕೆ ತಿರುಗಿಯೂ ನೋಡಲಿಲ್ಲ. ಗಂಡ ಸತ್ತ ದಿನವೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅಂದು ಇಡೀ ಕೇರಿ ಮನೆಯಲ್ಲಿತ್ತು.

ಗಾರ್ಡು ಹಿಡಿದ ಮರುದಿನವೇ ಸಭೆ. ಅರಣ್ಯ ಇಲಾಖೆಯ ದೊಡ್ಡ ಸಾಹೇಬ ಜೀಪಿನಲ್ಲಿ ಬಂದು, ಕಾಡಿನಿಂದ ಜನರ ಬದುಕು ಹೇಗೆ ಹಸನಾಗುತ್ತದೆಂದು ಅರ್ಧ ಗಂಟೆ ಭಾಷಣ ಮಾಡಿದ. ಚಪ್ಪಲಿಗಳೂ ಅವಳೂ ಕೇಳಿದರು. ಆಮೇಲೆ ಅಧ್ಯಕ್ಷ ತಾನೇ ಪುಸ್ತಕ, ಶಾಯಿ ಪ್ಯಾಡು ಹಿಡಿದು ಹೊರಗೆ ಬಂದ. ಎಂದೂ ಕುರ್ಚಿ ಬಿಟ್ಟೇಳದವನು ಎದ್ದು ಬಂದದ್ದು ನೋಡಿ ಅವಳು ಕೈ ಹಿಂದಕ್ಕೆಳೆದುಕೊಂಡಳು. ಏನು ಬರೆದಿದೆ, ಓದಿ ಹೇಳಿ ಎಂದಳು.

"ನಿನಗೆ ಓದಿ ಹೇಳೋಕೆ ನಾನೇನು ನಿನ್ ಮನೆ ಆಳಾ? ಒತ್ತೇ ಸುಮ್ನೆ. ಒತ್ತಿದ್ರೆ ನಿನ್ನೆ ಸೌದೆ ಕದ್ದ ಕೇಸು ಇಲ್ಲ."

ಒಳಗಿನಿಂದ ಸಾಹೇಬ, ಇನ್ನೂ ಆಗಲಿಲ್ಲವೇ, ಮರ ಸಾಗಿಸುವ ಲಾರಿಗಳಿಗೆ ನಾಳೆಗೇ ಹೇಳಿಯಾಗಿದೆ ಎಂದು ಗೊಣಗಿದ.

ಅವಳು ಶಾಯಿ ಮುಟ್ಟಲಿಲ್ಲ. ಪುಸ್ತಕವನ್ನೇ ಕಿತ್ತುಕೊಂಡು ಎದೆಗವಚಿ ಓಡಿದಳು. ಹಿಂದಿನಿಂದ ಬೋಸುಡಿ, ಕಳ್ಳಿ ಎಂಬ ಬೈಗುಳ ಕೇಳಿಸಿತು, ಜೀಪು ಶುರುವಾದದ್ದೂ ಕೇಳಿಸಿತು.

ಓದು ಬಲ್ಲವರು ಕೇರಿಯಲ್ಲಿ ನಾಲ್ವರಿದ್ದರು. ನಾಲ್ವರೂ ಮನೆಯಲ್ಲೇ ಇದ್ದರು.

"ಗುಡ್ಡ ಕಡೀತಾರೆ," ಎಂದಳು ಏದುಸಿರು ಬಿಡುತ್ತ. "ಈ ಸಲ ನಾನು ಒತ್ತಿಲ್ಲ. ನನ್ ಮಾತು ನಂಬಬೇಡಿ, ನೀವೇ ಬಂದು ಓದ್ಕೊಳ್ಳಿ."

ಒಂದು ಕಿಟಕಿ ತೆರೆಯಿತು, ಮತ್ತೆ ಮುಚ್ಚಿತು. ವಾರಗಿತ್ತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಹೊರಗೆ ಬರಲಿಲ್ಲ. ಜೀಪು ಕೇರಿಯೊಳಗೆ ತಿರುಗಿತು.

ಅವಳು ಅದಕ್ಕೆ ಬೆನ್ನು ಕೊಟ್ಟು, ಮುಚ್ಚಿದ ಬಾಗಿಲುಗಳ ಕಡೆ ಮುಖ ಮಾಡಿ, ದಾರಿಯ ನಟ್ಟನಡುವೆ ಕುಳಿತಳು. ತನಗೆ ಒಂದಕ್ಷರವೂ ತಿಳಿಯದ ಆ ಠರಾವಿನ ಹಾಳೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು.